ಕೆರೆಮಣ್ಣಿನ ಮುಂದೆ ರಾಡಾರ್

ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ದಾಟುವಾಗ ಕಾಲಡಿಯಲ್ಲಿ ಏನೇನಿದೆ ಎಂದು ಖಚಿತವಾಗಿ ಹೇಳಬಲ್ಲವರು ಕಡಿಮೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ದಾಟಿ ಕಾವೇರಿ ನೀರು ನಗರಕ್ಕೆ ಬರುವುದು ಇದೇ ದಿಕ್ಕಿನಿಂದ. ಜೊತೆಗೆ ಒಳಚರಂಡಿ, ಕರೆಂಟಿನ ಕೇಬಲ್ಲು, ಇಂಟರ್ನೆಟ್ ಡಕ್ಟು. ನೆತ್ತಿಯ ಮೇಲೆ ಮೆಟ್ರೊ. ಇಂಥ ರಸ್ತೆ ಅಗೆಯುವ ಮುನ್ನ ಜಿಪಿಆರ್, ಅಂದರೆ ನೆಲದೊಳಗೆ ಇಣುಕುವ ರಾಡಾರ್, ಓಡಿಸುವುದು ಒಳ್ಳೆಯ ಪದ್ಧತಿಯೇ. ಅದರ ಮೇಲೆ ನಾವು ಹೊರಿಸುವ ನಂಬಿಕೆಯ ಬಗ್ಗೆ ಮಾತ್ರ ನನಗೆ ತಕರಾರಿದೆ.

ಚಕ್ರದ ಮೇಲೆ ತಳ್ಳಿಕೊಂಡು ಹೋಗುವ ಪೆಟ್ಟಿಗೆ ಅದು. ಹೊರಡಿಸುವ ರೇಡಿಯೊ ಮಿಡಿತಗಳ ಸರಾಸರಿ ಶಕ್ತಿ ಮೊಬೈಲಿಗಿಂತ ಕಡಿಮೆ. ಮಣ್ಣಿನ ಗುಣ ಬದಲಾದಲ್ಲೆಲ್ಲ ಅಲೆಯ ಒಂದು ಪಾಲು ಹಿಂದಿರುಗುತ್ತದೆ. ಅಡ್ಡ ಹಾಯ್ದ ಪೈಪು ಪರದೆಯ ಮೇಲೆ ಬೋರಲು ಹಾಕಿದ ಬೋಗುಣಿಯಂತೆ ಮೂಡುತ್ತದೆ. ಅಲೆ ಹೋಗಿಬಂದ ಸಮಯವನ್ನು ಆಳಕ್ಕೆ ಬದಲಿಸಬೇಕು, ಎಡವಟ್ಟಾಗುವುದು ಇಲ್ಲೇ. ಗಾಳಿಯಲ್ಲಿ ನ್ಯಾನೋಸೆಕೆಂಡಿಗೆ 30 ಸೆಂ.ಮೀ. ಓಡುವ ಅಲೆ ಒಣಮಣ್ಣಿನಲ್ಲಿ 15ರ ಆಸುಪಾಸಿಗೆ, ಒದ್ದೆಮಣ್ಣಿನಲ್ಲಿ 6ರ ಆಸುಪಾಸಿಗೆ ಇಳಿಯುತ್ತದೆ. ಬೇಸಿಗೆಯ ಲೆಕ್ಕವನ್ನೇ ಮಳೆಗಾಲಕ್ಕೂ ಹಾಕಿದರೆ ಒಂದು ಮೀಟರ್ ಆಳದ ಪೈಪು ಎರಡೂವರೆ ಮೀಟರಿನಲ್ಲಿದೆ ಎನ್ನುತ್ತದೆ ವರದಿ. ಅದನ್ನು ನಂಬಿ ಜೆಸಿಬಿಯವನು ಬಕೆಟ್ ಇಳಿಸಿದರೆ ಬೀದಿ ತುಂಬ ನೀರು.

ಅದಕ್ಕಿಂತ ದೊಡ್ಡ ಅಡ್ಡಿ ಜೇಡಿ. 2021ರಲ್ಲಿ ಮಂಗಳಕ್ಕಿಳಿದ ಪರ್ಸಿವರೆನ್ಸ್ ರೋವರ್‌ನ ರಿಮ್‌ಫ್ಯಾಕ್ಸ್ ರಾಡಾರ್ ಬಳಸುವುದು 5ರಿಂದ 10 ವಾಟ್. ಅಷ್ಟರಲ್ಲೇ ಅದು ಜೆಜೆರೊ ಕುಳಿಯ ತಳವನ್ನು 15 ಮೀಟರ್ ಆಳದವರೆಗೆ ತೋರಿಸಿತು. ನೆಲ ಅಷ್ಟು ಒಣ. ಜರಗನಹಳ್ಳಿ ಪಕ್ಕದ ಸಾರಕ್ಕಿ ಕೆರೆಯಂಚಿನ ಒದ್ದೆ ಜೇಡಿಯಲ್ಲಿ ಇಂಥ ಅಲೆ ಒಂದೆರಡು ಮೀಟರಿಗೇ ಸುಸ್ತು. ಶಕ್ತಿ ಹೆಚ್ಚಿಸಿದರೂ ದೊಡ್ಡ ಲಾಭವಿಲ್ಲ, ಜೇಡಿ ಅದನ್ನೂ ಹೀರಿ ಶಾಖವಾಗಿಸಿಬಿಡುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇದೆಲ್ಲ ಮರೆತುಹೋಯಿತು. ಹೆದ್ದಾರಿಯ ಮೇಲೆ ಬಿದ್ದ ಹಸಿಮಣ್ಣಿನ ರಾಶಿಯಲ್ಲಿ ರಾಡಾರ್ ಆಡಿಸಿ, ಚಾಲಕನ ಸಮೇತ ಕಾಣೆಯಾಗಿದ್ದ ಲಾರಿ ಹುಡುಕಿದರು. ಟೀವಿಯಲ್ಲಿ ಒಂದೊಂದು ಸಿಗ್ನಲ್ಲೂ ಬ್ರೇಕಿಂಗ್ ನ್ಯೂಸ್. ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ತರಿಸಿದ ಡ್ರೆಜರಿನ ನೆರವಿನಿಂದ, ಗಂಗಾವಳಿ ನದಿಯೊಳಗಿಂದ. ಚಾಲಕನ ಮನೆಯವರ ಕಾತರದ ಬಗ್ಗೆ ಎರಡು ಮಾತಿಲ್ಲ. ಆದರೆ ಇಲ್ಲೇನೋ ಬೇರೆ ಇದೆ ಎನ್ನುವುದಷ್ಟೇ ರಾಡಾರಿಗೆ ಗೊತ್ತು. ಅದನ್ನು ಲಾರಿ ಎಂದು ಓದಿದ್ದು ನೋಡುವವರ ಆಸೆ.

ನಗರದ ರಸ್ತೆಯಲ್ಲೂ ಬಣ್ಣದ ಗೆರೆಗಳ ಡ್ರಾಯಿಂಗ್ ಒಂದನ್ನೇ ಸರ್ವೆ ಎಂದು ಒಪ್ಪಿ ಬಿಲ್ ಪಾಸು ಮಾಡಬಾರದು. ಅಲ್ಲಲ್ಲಿ ಟ್ರಯಲ್ ಪಿಟ್ ತೆಗೆದು ಆಳ ತಾಳೆ ನೋಡಬೇಕು, ಯಾವ ತಿಂಗಳ ಸರ್ವೆ ಎಂದು ಬರೆಯಬೇಕು, ಮೂಲ ದತ್ತಾಂಶ ಮುಂದಿನ ಗುತ್ತಿಗೆದಾರನಿಗೂ ಸಿಗಬೇಕು. ಮುಖ್ಯವಾಗಿ, ಅಲೆ ಎಲ್ಲಿ ಸೋತಿತೋ ಆ ಜಾಗವನ್ನು ನಕ್ಷೆಯಲ್ಲಿ ಬೇರೆಯಾಗಿ ಗುರುತಿಸಬೇಕು. ಖಾಲಿ ಬಿಟ್ಟರೆ ಅಲ್ಲಿ ಏನೂ ಇಲ್ಲವೆಂದೇ ಸೈಟಿನವರು ಓದುತ್ತಾರೆ. ಅಂಥ ಕಡೆ ಜೆಸಿಬಿ ನಿಲ್ಲಿಸಿ, ಹಾರೆ ಗುದ್ದಲಿಯವರನ್ನೇ ಇಳಿಸಬೇಕು.