ಏರುವುದಕ್ಕೆ ಮುಂಚಿನ ಅಧ್ಯಾಯ

ಪರ್ವತಾರೋಹಣದ ಪುಸ್ತಕವನ್ನು ಕೈಗೆತ್ತಿಕೊಂಡ ವಾಚಕರಲ್ಲಿ ಹಲವರು ಮೊದಲ ಅಧ್ಯಾಯಗಳನ್ನು ಹಾರಿಸಿ ನೇರವಾಗಿ ಶಿಖರದ ಕಡೆಗೆ ಧಾವಿಸುವುದುಂಟು. ಹಗ್ಗವೆಷ್ಟು, ನೀರೆಷ್ಟು, ಮುಂದೆ ಯಾರು, ಹಿಂದೆ ಯಾರು ಎಂಬ ಲೆಕ್ಕದಲ್ಲಿ ಸಾಹಿತ್ಯವೆಲ್ಲಿಯದು ಎಂಬುದು ಅವರ ಭಾವನೆ. ಈ ಜಾತಿಯ ಬರವಣಿಗೆಯ ನಿಜವಾದ ಬೆಲೆ ತಿಳಿಯುವುದು ಆ ಲೆಕ್ಕದಲ್ಲಿಯೇ ಎಂದು ನನಗೆ ತೋರುತ್ತದೆ.

ಆಲ್ಪ್ಸ್ ಪರ್ವತದಲ್ಲಿ ಶಾಮೊನಿ ಊರಿನ ಮೇಲೆ ಎದ್ದು ನಿಂತ ಕಗ್ಗಲ್ಲಿನ ಏಣುಗಳನ್ನೇ ತೆಗೆದುಕೊಳ್ಳೋಣ. ಹಿಮ ಹೆಪ್ಪುಗಟ್ಟಿ ಕರಗಿ ಆ ಕಲ್ಲನ್ನು ಸೀಳಿದೆ; ಆ ಸೀಳುಗಳಲ್ಲಿ ಕೈ ತೂರಿಸಿ ಮೇಲೇರಬೇಕು. ಏಣಿನ ಎರಡು ಪಕ್ಕದಲ್ಲೂ ಪ್ರಪಾತ. ಅರ್ಧ ದಾರಿ ನಡೆದ ಮೇಲೆ ಹಿಂದಿರುಗುವುದು ಮುಂದೆ ಹೋಗುವಷ್ಟೇ ಕಷ್ಟ. ಆದುದರಿಂದ ಒಂದು ಹಗ್ಗದಳತೆಗೆ ಎಷ್ಟು ಹೊತ್ತು, ಮಧ್ಯಾಹ್ನದ ಸಿಡಿಲಿಗೆ ಮೊದಲು ಎಲ್ಲಿರಬೇಕು, ಇಳಿಯುವ ದಾರಿ ಯಾವುದು, ಎಷ್ಟು ಗಂಟೆಗೆ ಆಸೆ ಬಿಡಬೇಕು ಎಂಬುದೆಲ್ಲ ಕೆಳಗಿರುವಾಗಲೇ ತೀರ್ಮಾನವಾಗಬೇಕು. ಅಷ್ಟಾದರೂ ಬೆಟ್ಟ ಮೋಸ ಮಾಡುವುದುಂಟು. 1881ರಲ್ಲಿ ಮಮ್ಮರಿಯೂ ಅವನ ಮಾರ್ಗದರ್ಶಕರಾದ ಬುರ್ಗೆನರ್, ವೆನೆಟ್ಸ್ ಎಂಬವರೂ ಅಲ್ಲಿನ ಗ್ರೆಪೊನ್ ಶಿಖರವನ್ನೇರಿದರು. ತಾವು ಮುಟ್ಟಿದ ತುದಿಯೇ ಎತ್ತರದ್ದೆ ಎಂಬ ಸಂಶಯ ಹುಟ್ಟಿ, ಎರಡು ದಿನಗಳ ನಂತರ ಮತ್ತೆ ಹೋಗಿ ಇನ್ನೊಂದು ತುದಿಯನ್ನು ಮುಟ್ಟಿ ಬಂದರು. ಅದೇ ಮಮ್ಮರಿ 1895ರಲ್ಲಿ ನಂಗಾಪರ್ಬತದಲ್ಲಿ ಕಣ್ಮರೆಯಾದನು.

ಸಿದ್ಧತೆಯ ಬೆಲೆಯನ್ನು ಅತ್ಯಂತ ದಾರುಣವಾಗಿ ತೋರಿಸುವ ಪುಸ್ತಕ ಎಡ್ವರ್ಡ್ ವಿಂಪರನ 'ಸ್ಕ್ರಾಂಬಲ್ಸ್ ಅಮಂಗ್‌ಸ್ಟ್ ದಿ ಆಲ್ಪ್ಸ್'. ಇಟಲಿಯ ಕಡೆಯಿಂದ ಕರೆಲ್‌ನ ತಂಡ ಮ್ಯಾಟರ್‌ಹಾರ್ನಿಗೆ ಹೊರಟಿದೆಯೆಂಬ ಆತುರದಲ್ಲಿ, ಹೊರಡುವ ಹಿಂದಿನ ದಿನವಷ್ಟೇ ಕೂಡಿದ ಏಳು ಮಂದಿಯ ತಂಡವದು. ಅದರಲ್ಲಿ ಹ್ಯಾಡೋ ಎಂಬ ಹತ್ತೊಂಬತ್ತರ ತರುಣನಿಗೆ ಅನುಭವ ಸಾಲದು. 1865ರ ಜುಲೈ 14ರಂದು ಶಿಖರ ಕೈಸೇರಿತು. ಇಳಿಯುವಾಗ ಆ ತರುಣ ಜಾರಿದನು, ಹಗ್ಗ ಹರಿಯಿತು, ನಾಲ್ವರು ಸತ್ತರು. ಹರಿದದ್ದು ಇದ್ದ ಮೂರು ಬಗೆಯ ಹಗ್ಗಗಳಲ್ಲಿ ತೀರ ದುರ್ಬಲವಾದದ್ದು. ಗಟ್ಟಿಯಾದ ಹಗ್ಗ ಬಳಕೆಯಾಗದೆ ಉಳಿದಿತ್ತು. 1871ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ವಿಂಪರನು ಆ ಮೂರು ಹಗ್ಗಗಳ ಚಿತ್ರವನ್ನು ಕೊಟ್ಟಿದ್ದಾನೆ. ಶಿಖರದ ನೋಟವನ್ನು ಬಣ್ಣಿಸುವಾಗ ಅವನ ಮಾತು ಉಬ್ಬುತ್ತದೆ. ಹಗ್ಗದ ಮಾತು ಬಂದಾಗ ಒಣಗುತ್ತದೆ. ಓದುಗನನ್ನು ಕಲಕುವುದು ಆ ಒಣ ಮಾತೇ. ಒಂದು ಸಾವು ಹೇಗಾಯಿತೆಂದು ಹೇಳಲು ವಿಶೇಷಣಗಳಿಗಿಂತ ಹಗ್ಗದ ದಪ್ಪವೇ ಹೆಚ್ಚು ಸಮರ್ಥವಾಗುತ್ತದೆ.

ಇದಕ್ಕೆ ಪ್ರತಿಯಾಗಿ, 1953ರ ಎವರೆಸ್ಟ್ ಆರೋಹಣವನ್ನು ಕುರಿತ ಜಾನ್ ಹಂಟರ ಪುಸ್ತಕದಲ್ಲಿ ಸಾಮಗ್ರಿ, ಆಮ್ಲಜನಕ, ಆಹಾರಗಳ ವಿವರ ಅನುಬಂಧಗಳಾಗಿ ಕೊನೆಗೆ ಬರುತ್ತದೆ. ಅದು ಉಪಯುಕ್ತವೇ ಸರಿ. ಆದರೆ ಲೆಕ್ಕವನ್ನು ಕಥೆಯಿಂದ ಬೇರ್ಪಡಿಸಿದಾಗ, ಅದರ ಹಿಂದಿದ್ದ ಮನುಷ್ಯರ ಅಂಜಿಕೆಯೂ ವಿವೇಕವೂ ಮರೆಯಾಗುತ್ತವೆ.

ಮುರಕಲ್ಲಿನ ಮನೆಗಳಲ್ಲಿ ಬೆಳೆದ ಮಂಗಳೂರಿನವರಾದ ನಮಗೆ ಇದೆಲ್ಲ ದೂರದ ಮಾತೆನ್ನುವಂತಿಲ್ಲ. ಬೆಳ್ತಂಗಡಿಯ ಗಡಾಯಿಕಲ್ಲು ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರದ ಕಗ್ಗಲ್ಲು. ಆಲ್ಪ್ಸಿನ ಏಣಿನಂತೆ ಸೀಳುಗಳಿಲ್ಲದೆ ನುಣುಪಾಗಿದೆ. ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದದ್ದನ್ನೂ, 1799ರಲ್ಲಿ ಅದು ಇಂಗ್ಲಿಷರ ವಶವಾದದ್ದನ್ನೂ ಎಲ್ಲರೂ ಬರೆಯುತ್ತಾರೆ. ಕಲ್ಲನ್ನು ಕುರಿತು ಬರೆಯುವವರು ವಿರಳ. 2023ರ ಫೆಬ್ರವರಿಯಲ್ಲಿ ಚಿತ್ರದುರ್ಗದ ಜ್ಯೋತಿರಾಜ್ ಮೆಟ್ಟಿಲ ದಾರಿಯನ್ನು ಬಿಟ್ಟು ಬಂಡೆಯ ಮೈಯನ್ನೇ ಹತ್ತಿದರು. ಎಷ್ಟು ಹೊತ್ತಿನಲ್ಲಿ ಹತ್ತಿದರೆಂಬ ಬೆರಗು ಸಹಜವೇ. ಯಾವ ಗೆರೆಯನ್ನು ಆರಿಸಿದರು, ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದು ಅದಕ್ಕಿಂತ ದೊಡ್ಡ ಕಥೆಯಲ್ಲವೆ?

ನಮ್ಮ ಹಳೆಯ ಕವಿಗಳಿಗೆ ಈ ಕುತೂಹಲವಿತ್ತು. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಎರಡು ಶತಮಾನಗಳ ನಂತರ ಚಂದ್ರಮ ಕವಿ ಬರೆದ ಗೊಮ್ಮಟೇಶ್ವರ ಚರಿತೆಯಲ್ಲಿ, ಆ ಮಹಾಮೂರ್ತಿಯನ್ನು ಬಂಡಿಯ ಮೇಲಿರಿಸಿ ಜನರು ಬೆಟ್ಟಕ್ಕೆ ಎಳೆದ ಸಂಗತಿ ಬರುತ್ತದೆ. ದೇವರ ಮಹಿಮೆಯನ್ನು ಹಾಡಹೊರಟ ಕವಿಗೂ ಬಂಡಿಯ ಮಾತು ಕೀಳಾಗಿ ತೋರಲಿಲ್ಲ.

ಕನ್ನಡದಲ್ಲಿ ಇಂದು ಬೆಟ್ಟ ಹತ್ತಿದವರ ಬರಹಗಳಿಗೆ ಕೊರತೆಯಿಲ್ಲ. ಮಂಜು, ಸೂರ್ಯೋದಯ, ಧನ್ಯತೆಗಳೂ ಬೇಕಾದಷ್ಟಿವೆ. ಅವನ್ನೋದಿದ ತರುಣನೊಬ್ಬ ರಜೆಯ ದಿನ ಬಂಡೆಯ ಬುಡಕ್ಕೆ ಹೋಗಿ ನಿಂತಾನು. ಹಗ್ಗದ ವಿಚಾರವನ್ನೂ, ಮರಳಿ ಬರುವ ಹೊತ್ತಿನ ವಿಚಾರವನ್ನೂ ಅವನಿಗೆ ಹೇಳದ ಬರಹ ಎಷ್ಟು ಸೊಗಸಾಗಿದ್ದರೂ ತನ್ನ ಕೆಲಸವನ್ನು ಪೂರ್ತಿ ಮಾಡಿದಂತಾಗದು. ಮುಂದೆ ಬರೆಯುವವರು ಆ ಅಧ್ಯಾಯದಿಂದಲೇ ಆರಂಭಿಸಲಿ. ನಾವೂ ಅದನ್ನು ಹಾರಿಸದೆ ಓದೋಣ.