ಬಾಯಿಂದ ತುಂಬುವ ಕೋವಿ

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಅಲ್ಲಿನ ಮಕ್ಕಳೂ ಬಲ್ಲರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ದೈತ್ಯ ತೋಪಿಗೂ ಕೊಡಗಿನ ಕೇಪಿನ ಕೋವಿಗೂ ಒಂದೇ ಮೂಲವಿದ್ಯೆ: ಮದ್ದು, ಗುಂಡು ಎರಡೂ ನಳಿಗೆಯ ಬಾಯಿಂದಲೇ ಒಳಗಿಳಿಯಬೇಕು.

ತೋಪಿಗೆ ಆಳುಗಳ ದಂಡೇ ಬೇಕಿತ್ತು. ಕೋವಿಗೆ ಒಬ್ಬ ಸಾಕು, ಆದರೆ ಅವನ ಕೈ ಪಳಗಿರಬೇಕು. ಅಳೆದ ಕರಿಮದ್ದು ಸುರಿದು, ನಾರು ತುರುಕಿ, ಸಲಾಕೆಯಿಂದ ಜಡಿದು, ಗುಂಡಿಳಿಸಿ, ಮತ್ತೆ ಜಡಿದು, ಕೊನೆಗೆ ಕಿಡಿ ಹಾರಿಸುವ ಕೇಪು ತೊಡಿಸಬೇಕು. ಮದ್ದು ಹೆಚ್ಚಾದರೆ ನಳಿಗೆ ಸೀಳೀತು. ತೇವ ತಗುಲಿದರೆ ಹೊತ್ತಿಕೊಳ್ಳದು. ಕೊಡಗಿನ ಮಳೆಯಲ್ಲಿ ಅದನ್ನು ಒಣಗಿಟ್ಟುಕೊಳ್ಳುವುದೇ ಅರ್ಧ ವಿದ್ಯೆ. ಬೇಟೆಯ ಕಾಲದಲ್ಲಿ ಎದುರಿಗೆ ಜಿಂಕೆ ನಿಂತರೆ ಇದ್ದದ್ದು ಒಂದೇ ಗುಂಡು. ಎರಡನೆಯದನ್ನು ತುಂಬುವಷ್ಟರಲ್ಲಿ ಅದು ಗುಡ್ಡ ದಾಟಿರುತ್ತಿತ್ತು. ಈ ಕೋವಿ ಬೇಡುವ ತಾಳ್ಮೆಯೇ ಅದರ ಸೊಗಸು.

ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ, ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಕೋವಿ, ಒಡಿಕತ್ತಿಗಳನ್ನು ಸಾಲಾಗಿ ಇರಿಸಿ, ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತಾರೆ. ಆಮೇಲೆ ಅಕ್ಕಿಯ ಉಂಡೆ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಹಿಂದೆ ಪೂಜೆಯ ಬೆನ್ನಲ್ಲೇ ಅಣ್ಣತಮ್ಮಂದಿರು, ನೆಂಟರು, ನೆರೆಯವರು ಕೂಡಿ ಬೇಟೆಗೆ ಹೊರಡುತ್ತಿದ್ದರು. ಬಿದ್ದ ಬೇಟೆಯಲ್ಲಿ ಹೋದವರಿಗೆಲ್ಲ ಪಾಲು. ಹುಲಿ ಹೊಡೆದವನಿಗೆ ‘ನರಿ ಮಂಗಲ’ದ ಗೌರವ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ).

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ಅಪರಾಧವಾಯಿತು. ಆಗಲೇಬೇಕಿತ್ತು.

ಕೋವಿ ಮಾತ್ರ ಉಳಿಯಿತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, 2029ರವರೆಗೆ, ವಿಸ್ತರಿಸಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ರೂಢಿ ಮುಂದುವರಿದಿದೆ. ಹಬ್ಬದ ದಿನ ಗುರಿ ಈಗ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ. ಅದನ್ನು ಒಡೆಯುವ ಪೈಪೋಟಿಗೆ ಹೆಣ್ಣುಮಕ್ಕಳೂ ಕೋವಿ ಹಿಡಿದು ನಿಲ್ಲುತ್ತಾರೆ.