ಉದಾಸೀನ, ತಟಸ್ಥ, ಅಲಿಪ್ತ: ಒಂದು ಪರಿಭಾಷಾವಿಮರ್ಶೆ

ಶಾಸ್ತ್ರವನ್ನು ದೇಶಭಾಷೆಯಲ್ಲಿ ಹೇಳಹೊರಟವನಿಗೆ ಮೊದಲು ಎದುರಾಗುವ ತೊಡಕು ಪರಿಭಾಷೆಯದು. ಹೊಸ ಮಾತನ್ನು ಕಟ್ಟುವುದು ಕಷ್ಟವೇ ಸರಿ. ಆದರೆ ಹಳೆಯ ಮಾತೊಂದು ಕೈಗೆ ಸುಲಭವಾಗಿ ಸಿಕ್ಕಿದಾಗ ಒದಗುವ ಅಪಾಯ ಅದಕ್ಕಿಂತ ದೊಡ್ಡದು. ರಾಷ್ಟ್ರರಾಷ್ಟ್ರಗಳ ವ್ಯವಹಾರವನ್ನು ವಿಚಾರಮಾಡುವ ಶಾಸ್ತ್ರದಲ್ಲಿ ಈ ಅಪಾಯಕ್ಕೆ ಗುರಿಯಾಗಿರುವ ಶಬ್ದಗಳು ಉದಾಸೀನ, ತಟಸ್ಥ, ಅಲಿಪ್ತ ಎಂಬ ಮೂರು. ಇಬ್ಬರು ಕಾದಾಡುತ್ತಿರುವಾಗ ಮೂರನೆಯವನು ಯಾವ ಕಡೆಗೂ ಸೇರದೆ ನಿಲ್ಲುವುದೆಂಬ ಸಾಮಾನ್ಯಾರ್ಥವು ಮೂರಕ್ಕೂ ಉಂಟಾದುದರಿಂದ ಅವನ್ನು ಪರ್ಯಾಯಪದಗಳಂತೆ ಬಳಸುವುದು ವಾಡಿಕೆಯಾಗಿದೆ. ಅವು ಪರ್ಯಾಯಪದಗಳಲ್ಲವೆಂದೂ, ಅವನ್ನು ಒಂದರೊಡನೊಂದು ಬೆರೆಸಿದರೆ ಶಾಸ್ತ್ರಾರ್ಥವೇ ಕೆಡುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಉದಾಸೀನಶಬ್ದವನ್ನು ನೋಡೋಣ. ಇಂದಿನ ಕನ್ನಡದಲ್ಲಿ ಈ ಮಾತಿಗೆ ಅಲಕ್ಷ್ಯವೆಂದು ಅರ್ಥ. ಕರಾವಳಿಯ ಆಡುಮಾತಿನಲ್ಲಂತೂ ಸೋಮಾರಿತನವೆಂದೇ ಅರ್ಥ. ಈ ಸಂಸ್ಕಾರವುಳ್ಳ ವಿದ್ಯಾರ್ಥಿಯು ಕೌಟಲ್ಯನ ಅರ್ಥಶಾಸ್ತ್ರದಲ್ಲಿ 'ಉದಾಸೀನ'ನೆಂಬ ರಾಜನನ್ನು ಕಂಡರೆ, ಯಾವುದರ ಗೊಡವೆಯೂ ಬೇಡವೆಂದು ಕುಳಿತ ದುರ್ಬಲನೊಬ್ಬನನ್ನು ಕಲ್ಪಿಸಿಕೊಳ್ಳುವುದು ಸಹಜ. ಮೂಲದ ಅಭಿಪ್ರಾಯವಾದರೋ ಇದಕ್ಕೆ ತೀರ ವಿರುದ್ಧವಾದುದು.

ಆ ಗ್ರಂಥದ ಆರನೆಯ ಅಧಿಕರಣದಲ್ಲಿ ರಾಜಮಂಡಲದ ವಿವರಣೆಯಿದೆ. ವಿಜಿಗೀಷುವಿನ ಗಡಿಗೆ ತಾಗಿದವನು ಅರಿ. ಅವನಿಗೂ ಆಚೆಯವನು ಮಿತ್ರ. ಹೀಗೆ ಮುಂದಕ್ಕೂ ಹಿಂದಕ್ಕೂ ಸಾಲು ಬೆಳೆಯುತ್ತದೆ. ಈ ಸಾಲಿನ ಹೊರಗೆ ಇಬ್ಬರನ್ನು ಕೌಟಲ್ಯನು ಬೇರೆಯಾಗಿ ಎಣಿಸುತ್ತಾನೆ. ಅರಿಗೂ ವಿಜಿಗೀಷುವಿಗೂ ನೆರೆಯವನಾಗಿ, ಅವರಿಬ್ಬರೂ ಕೂಡಿರಲಿ ಬೇರೆಯಿರಲಿ ಅವರಿಗೆ ನೆರವಾಗಬಲ್ಲ, ಬೇರೆಯಿದ್ದಾಗ ಅವರನ್ನು ಅಡಗಿಸಲೂ ಬಲ್ಲ ರಾಜನು ಮಧ್ಯಮ. ಈ ಮೂವರಿಗೂ ಹೊರಗಿನವನಾಗಿ, ಎಲ್ಲರಿಗಿಂತ ಬಲಿಷ್ಠನಾಗಿ, ಮೂವರಿಗೂ ಅನುಗ್ರಹಮಾಡಲು ಸಮರ್ಥನಾಗಿ, ಅವರು ಒಗ್ಗೂಡದೆ ಇದ್ದಾಗ ಅವರನ್ನು ನಿಗ್ರಹಿಸಲು ಶಕ್ತನಾದವನು ಉದಾಸೀನ. ಈ ಲಕ್ಷಣದಲ್ಲಿ ವೈರಾಗ್ಯದ ಪ್ರಸ್ತಾಪವಿಲ್ಲ. ನಿಷ್ಪಕ್ಷಪಾತದ ಪ್ರತಿಜ್ಞೆಯೂ ಇಲ್ಲ. ಇರುವುದು ದೂರ ಮತ್ತು ಬಲ, ಇವೆರಡೇ. ಉದಾಸೀನನು ಸುಮ್ಮನಿರುವನೋ ಕೈಹಾಕುವನೋ ಎಂಬುದು ಅವನ ಇಚ್ಛೆ. ಅವನು ಕೈಹಾಕಬಲ್ಲನೆಂಬ ಭಯವೇ ಮಂಡಲದ ಮೇಲೆ ಅವನಿಗಿರುವ ಪ್ರಭುತ್ವ.

ಇನ್ನು ಏಳನೆಯ ಅಧಿಕರಣದ ಷಾಡ್ಗುಣ್ಯ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳಲ್ಲಿ ಆಸನವೆಂದರೆ ಉಪೇಕ್ಷಿಸಿ ಕುಳಿತಿರುವುದು. ಶತ್ರುವು ತನ್ನನ್ನಾಗಲಿ ತಾನು ಶತ್ರುವನ್ನಾಗಲಿ ಕೆಡಿಸಲಾರದ ಸ್ಥಿತಿಯಲ್ಲಿ ರಾಜನು ಇದನ್ನು ಅವಲಂಬಿಸಬೇಕು. ಸಂಧಿ ಮಾಡಿಕೊಂಡು ಆಸನದಲ್ಲಿರಬಹುದು. ವಿಗ್ರಹವನ್ನು ಸಾರಿಯೂ ಆಸನದಲ್ಲಿರಬಹುದು. ಆದುದರಿಂದ ಉದಾಸೀನತ್ವವು ಮಂಡಲದಲ್ಲಿ ಒಬ್ಬ ರಾಜನಿಗಿರುವ ಸ್ಥಾನ. ಆಸನವು ಯಾವ ರಾಜನಾದರೂ ಸಮಯವರಿತು ಹಿಡಿಯುವ ನೀತಿ.

ಈ ಗ್ರಂಥವನ್ನು ಲೋಕಕ್ಕೆ ತಂದುಕೊಟ್ಟ ಕೀರ್ತಿ ಮೈಸೂರಿನದು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಇದರ ಹಸ್ತಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅನುವಾದದಲ್ಲಿ ಅವರು ಉದಾಸೀನನನ್ನು 'ನ್ಯೂಟ್ರಲ್' ರಾಜನೆಂದೂ, ಆಸನವನ್ನು 'ನ್ಯೂಟ್ರಾಲಿಟಿ' ಎಂದೂ ಕರೆದಿದ್ದಾರೆ. ಮೊದಲ ಬಾರಿಗೆ ದಾರಿಯನ್ನು ಕಡಿದವರಲ್ಲಿ ದೋಷವನ್ನು ಹುಡುಕುವುದು ನಮ್ಮ ಉದ್ದೇಶವಲ್ಲ. ಶಾಸ್ತ್ರಿಗಳು ಸಂಸ್ಕೃತಶಬ್ದವನ್ನು ಪಕ್ಕದಲ್ಲಿಯೇ ಕೊಟ್ಟು ನಡೆದವರು. ಎಚ್ಚರವುಳ್ಳ ವಾಚಕನು ತಪ್ಪಿಬೀಳಬೇಕಾಗಿಲ್ಲ. ಆದರೂ ಎರಡು ಶಬ್ದಗಳು ಒಂದಾದುದು ನಿಜ. ಅನಂತರದವರು ಇಂಗ್ಲಿಷನ್ನೇ ಆಧಾರವಾಗಿಟ್ಟುಕೊಂಡು ಕನ್ನಡಕ್ಕೆ ತರುವಾಗ ಎರಡಕ್ಕೂ 'ತಟಸ್ಥ'ವೆಂದು ಬರೆದರೆ, ವಿಗ್ರಹವನ್ನು ಸಾರಿದವನೂ ತಟಸ್ಥನೆಂಬ ಅಸಂಗತಿ ಬಂದೊದಗುತ್ತದೆ.

ಅಸಂಗತಿಯೇಕೆಂದರೆ, ತಾಟಸ್ಥ್ಯವು ಈಗ ಅಂತಾರಾಷ್ಟ್ರೀಯ ಧರ್ಮಶಾಸ್ತ್ರದ ಒಂದು ಮಾತಾಗಿದೆ. 1907ರ ಹೇಗ್ ಒಪ್ಪಂದದಂತೆ ತಟಸ್ಥರಾಷ್ಟ್ರದ ನೆಲವು ಅನುಲ್ಲಂಘ್ಯ. ಕಾದುವ ಪಕ್ಷಗಳು ಅದರ ಮೂಲಕ ಸೈನ್ಯವನ್ನು ಸಾಗಿಸಲಾಗದು. ಸಾಗಿಸಲು ಆ ರಾಷ್ಟ್ರವೂ ಬಿಡಲಾಗದು. ಹಕ್ಕೂ ಕರ್ತವ್ಯವೂ ಇಲ್ಲಿ ಜೊತೆಯಾಗಿವೆ. ಈ ಹಕ್ಕು ಬಲದಿಂದ ಹುಟ್ಟಿದುದಲ್ಲ, ಅನ್ಯರ ಮಾತಿನಿಂದ ಹುಟ್ಟಿದುದು. ಬೆಲ್ಜಿಯಮ್ಮಿನ ನಿತ್ಯತಾಟಸ್ಥ್ಯಕ್ಕೆ ಯೂರೋಪಿನ ಮಹಾರಾಷ್ಟ್ರಗಳು 1839ರಲ್ಲಿ ಲಂಡನ್ನಿನ ಒಪ್ಪಂದದಿಂದ ಹೊಣೆಯಾದುವು. 1914ರ ಆಗಸ್ಟಿನಲ್ಲಿ ಜರ್ಮನಿಯು ಆ ಮಾತನ್ನು ಮುರಿದು ಒಳನುಗ್ಗಿತು. ಬೆಲ್ಜಿಯಂ ತಟಸ್ಥವಾಗಿತ್ತು, ಕೌಟಲ್ಯನ ಉದಾಸೀನನಾಗಿರಲಿಲ್ಲ. ಈ ಒಂದು ವಾಕ್ಯವನ್ನು ಅರ್ಥವತ್ತಾಗಿ ಬರೆಯಬೇಕಾದರೆ ಎರಡು ಶಬ್ದಗಳು ಬೇರೆಯಾಗಿರಲೇಬೇಕಷ್ಟೆ.

ಅಲಿಪ್ತವೆಂಬುದು ಮೂರನೆಯದು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಅಲಿಪ್ತರಾಷ್ಟ್ರಗಳ ಮೊದಲ ಶೃಂಗಸಭೆ ಸೇರಿತು. ಎರಡು ಮಹಾಬಣಗಳ ಸೈನಿಕಕೂಟಗಳಿಗೆ ತಮ್ಮನ್ನು ಅಂಟಿಸಿಕೊಳ್ಳದೆ, ಒಂದೊಂದು ವಿಷಯವನ್ನೂ ತಾವೇ ತೂಗಿ ನೋಡುವುದು ಅವುಗಳ ಸಂಕಲ್ಪ. ತಾಟಸ್ಥ್ಯಕ್ಕೂ ಇದಕ್ಕೂ ಇರುವ ಅಂತರವನ್ನು ಕೊರಿಯಾದ ಯುದ್ಧವು ಚೆನ್ನಾಗಿ ತೋರಿಸುತ್ತದೆ. 1950ರಲ್ಲಿ ಉತ್ತರ ಕೊರಿಯಾದ ಆಕ್ರಮಣವನ್ನು ಕುರಿತ ಭದ್ರತಾಮಂಡಲಿಯ ನಿರ್ಣಯಕ್ಕೆ ಭಾರತವು ಮತಕೊಟ್ಟಿತು. ಕಾದುವ ಪಡೆಯನ್ನು ಕಳುಹಿಸದೆ ವೈದ್ಯಕೀಯದಳವನ್ನು ಕಳುಹಿಸಿತು. 1953ರ ಕದನವಿರಾಮದ ಪತ್ರವು ಅಲ್ಲಿ ಕಾದುವ ಪಡೆಗಳನ್ನು ಇಳಿಸದ ರಾಷ್ಟ್ರಗಳನ್ನು 'ನ್ಯೂಟ್ರಲ್' ಎಂದು ಕರೆಯಿತು. ಯುದ್ಧಕೈದಿಗಳನ್ನು ಕುರಿತ ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡುಗಳೊಡನೆ ಪೋಲೆಂಡ್, ಚೆಕೊಸ್ಲೊವಾಕಿಯಾಗಳೂ ಕುಳಿತುವು. ಅಧ್ಯಕ್ಷರಾಗಿದ್ದವರು ಭಾರತದ ಪರವಾಗಿ ಹೋದ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಸೋವಿಯತ್ ಬಣಕ್ಕೆ ಸೇರಿದ್ದ ಪೋಲೆಂಡು ಆ ಪತ್ರದ ಲಕ್ಷಣದಂತೆ ತಟಸ್ಥವಾಗಿತ್ತು, ಆದರೆ ಅಲಿಪ್ತವಾಗಿರಲಿಲ್ಲ. ಭಾರತವು ಅಭಿಪ್ರಾಯವನ್ನು ಹೇಳಿಯೂ ಅಲಿಪ್ತವಾಗಿತ್ತು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಶಬ್ದಗಳ ಅರ್ಥ ಕಾಲಕಾಲಕ್ಕೆ ಬದಲಾಗುವುದು ಭಾಷೆಯ ಧರ್ಮ. ಕೌಟಲ್ಯನ ಅರ್ಥವನ್ನೇ ಇಂದಿಗೂ ಹಿಡಿದಿರಬೇಕೆಂಬುದು ಪಂಡಿತರ ಹಟವಲ್ಲವೆ, ಎಂದು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಸಂಸ್ಕೃತದಲ್ಲಿಯೇ ಈ ಶಬ್ದಕ್ಕೆ ಒಂದೇ ಅರ್ಥವಿಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಉದಾಸೀನ, ಮಧ್ಯಸ್ಥ ಎಂಬ ಶಬ್ದಗಳು ಒಟ್ಟಿಗೆ ಬರುತ್ತವೆ. ಶಂಕರಾಚಾರ್ಯರ ಭಾಷ್ಯದಂತೆ ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ. ವಿರೋಧಿಗಳಿಬ್ಬರಿಗೂ ಹಿತವನ್ನು ಬಯಸುವವನು ಮಧ್ಯಸ್ಥ. ಇಲ್ಲಿ ಬಲದ ಮಾತೇ ಇಲ್ಲ. ಆದರೆ ಗಮನಿಸತಕ್ಕ ಅಂಶವೇನೆಂದರೆ, ಭಾಷ್ಯಕಾರರು ಹತ್ತಿರದ ಎರಡು ಶಬ್ದಗಳನ್ನು ಒಂದೆಂದು ಬಿಡದೆ ವಿಂಗಡಿಸಿ ಹೇಳಿದರು. ಅರ್ಥವು ಬದಲಾಗಬಾರದೆಂದು ನಾವು ಹೇಳುವುದಿಲ್ಲ. ಬದಲಾದಾಗ ಅದು ಬರೆಯುವವನಿಗೆ ತಿಳಿದಿರಬೇಕೆಂದಷ್ಟೆ ಹೇಳುತ್ತೇವೆ.

ಇದು ಕೇವಲ ಕೋಶದ ಚರ್ಚೆಯಲ್ಲ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಯುಕ್ರೇನಿನ ವಿಷಯವಾದ ನಿರ್ಣಯಕ್ಕೆ 141 ರಾಷ್ಟ್ರಗಳು ಪರವಾಗಿಯೂ 5 ವಿರೋಧವಾಗಿಯೂ ಮತಕೊಟ್ಟುವು. 35 ರಾಷ್ಟ್ರಗಳು ಯಾವ ಕಡೆಗೂ ಮತಕೊಡದೆ ಉಳಿದುವು. ಆ 35ರಲ್ಲಿ ಚೀನವಿತ್ತು, ಭಾರತವಿತ್ತು, ಶ್ರೀಲಂಕೆಯೂ ಇತ್ತು. ಎಲ್ಲವೂ 'ತಟಸ್ಥವಾಗಿದ್ದುವು' ಎಂದು ಬರೆದರೆ ಕೈಯೆತ್ತಲಿಲ್ಲವೆಂಬುದೊಂದು ತಿಳಿಯಿತೇ ಹೊರತು, ಯಾವುದು ಬಲವಿದ್ದು ದೂರ ನಿಂತಿತು, ಯಾವುದು ಸಮಯಕಾದು ಕುಳಿತಿತು, ಯಾವುದು ಸ್ವಂತ ತೂಕದ ಮೇಲೆ ನಿರ್ಧರಿಸಿತು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಶಾಸ್ತ್ರವು ಮೊದಲಾಗುವುದು ಈ ಪ್ರಶ್ನೆಗಳಿಂದಲೇ.

ಆದುದರಿಂದ ನಮ್ಮ ಸೂಚನೆ ಇಷ್ಟು: ಮಂಡಲದ ಉದಾಸೀನನನ್ನು ಹೇಳುವಲ್ಲಿ ಮೂಲಶಬ್ದವನ್ನೇ ಇಟ್ಟು ಅದರ ಲಕ್ಷಣವನ್ನು ಕೊಡುವುದು; ಆಸನವನ್ನು ಆಸನವೆಂದೇ ಬರೆಯುವುದು; ತಟಸ್ಥಶಬ್ದವನ್ನು ಯುದ್ಧಕಾಲದ ಹಕ್ಕುಕರ್ತವ್ಯಗಳಿಗೆ ಮೀಸಲಿಡುವುದು; ಅಲಿಪ್ತಶಬ್ದವನ್ನು ಬಣಗಳಿಂದ ಹೊರಗಿರುವ ನೀತಿಗೆ ಮಾತ್ರ ಬಳಸುವುದು. ಪಠ್ಯಗಳನ್ನು ರಚಿಸುವವರೂ ಪಾಠ ಹೇಳುವ ಅಧ್ಯಾಪಕರೂ ಇದನ್ನು ಪರಿಶೀಲಿಸಿ, ಸರಿಯೆಂದು ತೋರಿದರೆ ಆಚರಣೆಗೆ ತರಬೇಕೆಂದೂ, ತಪ್ಪೆಂದು ತೋರಿದರೆ ಇದೇ ಪತ್ರಿಕೆಯಲ್ಲಿ ತಿದ್ದಬೇಕೆಂದೂ ಪ್ರಾರ್ಥಿಸುತ್ತೇವೆ.